ಸಂತ ರೋಕೆಯ ನಾಯಿ ಕಿಡ್ನ್ಯಾಪ್!

"ಅಲುಗಾಡಬೇಡಿ! ಅಲುಗಾಡಿದರೆ ನಾನು ಸಿಂಪಡಿಸುತ್ತೇನೆ!"

ನಾನು ಅಲುಗಾಡಲಿಲ್ಲ.

ಅಲುಗಾಡುವ ಸ್ಥಿತಿಯಲ್ಲೂ ಇರಲಿಲ್ಲ, ನಂಬಿ. ಎಡಗಾಲು ಕಾಂಪೌಂಡ್ ಗೋಡೆಯ ಒಳಗೆ. ಬಲಗಾಲು ಹೊರಗೆ. ಪ್ಯಾಂಟಿನ ಹಿಂಭಾಗ ಗೋಡೆಯ ಮೇಲೆ ನೆಟ್ಟಿದ್ದ ಗಾಜಿನ ಚೂರಿಗೆ ಸಿಕ್ಕಿಕೊಂಡಿತ್ತು. ಕೆಳಗೆ ಹನ್ನೊಂದು ನಾಯಿಗಳು. ಹನ್ನೊಂದಕ್ಕೂ ಕುತ್ತಿಗೆಯಲ್ಲಿ ಹೂವಿನ ಚಿತ್ರದ ಕರವಸ್ತ್ರ! ಹನ್ನೊಂದೂ ನನ್ನ ಎಡಗಾಲನ್ನೇ ನೋಡುತ್ತಿದ್ದವು...

ನನ್ನೆದುರು ಕುರ್ಚಿಯ ಮೇಲೆ ಹತ್ತಿ ನಿಂತಿದ್ದವರು ವಿನಿಫ್ರೆಡ್ ಮೇಡಂ. ಕೆನಡಾದವರು. ವಯಸ್ಸು ಎಪ್ಪತ್ನಾಲ್ಕು. ಬಿಳಿ ಟೋಪಿ, ತೋಟದ ಕೆಲಸದ ಗ್ಲೌಸು, ಕೈಯಲ್ಲಿ ಪೆಪ್ಪರ್ ಸ್ಪ್ರೇ. ಅದರ ಬಾಯಿ ನನ್ನ ಮೂಗಿನಿಂದ ಒಂದು ಮೊಳ ದೂರದಲ್ಲಿತ್ತು.

ಈ ಕಸುಬಿನಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಚಾಕು ನೋಡಿದ್ದೇನೆ. ಪಿಸ್ತೂಲು ನೋಡಿದ್ದೇನೆ. ಆದರೆ ಒಂದೂ ವ್ಯಾಕರಣ ತಪ್ಪದಂತೆ ಬೆದರಿಸುವವರನ್ನು ನೋಡಿದ್ದು ಅದೇ ಮೊದಲು. ಮೇಡಂ ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವರು.

"ಮೇಡಂ, ನಾನು ಎವಾರಿಸ್ತೊ!"

"ನನಗೆ ತಿಳಿದಿದೆ. ನನ್ನ ವಾಸದ ಕಾರ್ಡನ್ನು ಮಾಡಿಸಿಕೊಟ್ಟವರು ನೀವು. ನೀವು ಒಳ್ಳೆಯ ಮನುಷ್ಯರು. ಆದರೆ ಬಾಗಿಲು ಆ ಕಡೆ ಇದೆ."

"ಗೇಟಲ್ಲಿ ಬಿಡಲಿಲ್ಲ!"

"ಏಕೆಂದರೆ ಬಿಡಬೇಡಿ ಎಂದು ನಾನೇ ಹೇಳಿದ್ದೆ."

"ಮೇಡಂ, ಒಂದೇ ಮಾತು... ಕಪಿತಾನ್ ಎಲ್ಲಿ?"

ಸ್ಪ್ರೇ ಇನ್ನೂ ಅರ್ಧ ಮೊಳ ಹತ್ತಿರ ಬಂತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಇಲ್ಲದಿದ್ದರೆ ನಿಮಗೆ ತಲೆಬುಡ ಅರ್ಥವಾಗುವುದಿಲ್ಲ.

ನಮ್ಮ ಸಾಂತಾ ರುಫೀನಾದಲ್ಲಿ ಕೆರೆಯ ಪಕ್ಕ ನಾವು. ಗುಡ್ಡದ ಮೇಲೆ, ಗೋಡೆಯೊಳಗೆ, ನೂರ ನಲವತ್ತು ಮನೆಗಳಲ್ಲಿ ಅವರು. ಕೆನಡಾದವರು, ಅಮೆರಿಕದವರು, ಒಂದಿಬ್ಬರು ಡಚ್ಚರು. ಎಲ್ಲರೂ ರಿಟೈರ್ ಆದವರು. ಅವರಿಗೆ ನಾವು ಅರ್ಥವಾಗುವುದಿಲ್ಲ, ನಮಗೆ ಅವರು ಅರ್ಥವಾಗುವುದಿಲ್ಲ. ಆ ನಡುವಿನ ಜಾಗದಲ್ಲಿ ನಿಂತು ಬದುಕು ಮಾಡಿಕೊಂಡವನು ನಾನು. "ನಾಳೆ ಬರ್ತೀನಿ" ಎಂದ ಕೊಳಾಯಿಯವನು ಮೂರು ವಾರವಾದರೂ ಬರದಿದ್ದರೆ ಅವರು ನನಗೆ ಫೋನ್ ಮಾಡುತ್ತಾರೆ. ಬೆಳಿಗ್ಗೆ ಹೊಡೆಯುವ ರಾಕೆಟ್ ಪಟಾಕಿಯ ವಿರುದ್ಧ ಅವರು ಅರ್ಜಿ ಬರೆದರೆ ಊರಿನವರು ನನಗೆ ಫೋನ್ ಮಾಡುತ್ತಾರೆ.

ಅವತ್ತು ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದ್ದು ಮಾತ್ರ ದೋನ್ಯ ಕಸಿಲ್ದಾ.

ಆಕೆ ನನ್ನ ಮದ್ರಿನಾ. ಚರ್ಚಿನಲ್ಲಿ ನನ್ನ ತಲೆಗೆ ತೀರ್ಥ ಹಾಕಿಸುವಾಗ ಎತ್ತಿಕೊಂಡು ನಿಂತವಳು. ನನ್ನ ತಾಯಿ ತೀರಿಕೊಂಡ ಮೇಲೆ ಸಾಕಿದವಳೂ ಅವಳೇ. ನಾನು ಓಡಿದೆ.

ಅಂಗಳದಲ್ಲಿ ಆರು ದೊಡ್ಡ ಹಂಡೆಗಳು ಒಲೆಯ ಮೇಲಿದ್ದವು. ಜೋಳ ಬೇಯುತ್ತಿತ್ತು. ಮಾಂಸ ಬೇಯುತ್ತಿತ್ತು. ಮದ್ರಿನಾ ಸೌಟು ಹಿಡಿದು ನಿಂತಿದ್ದಳು.

"ಮಗಾ, ಕಪಿತಾನ್ ಇಲ್ಲ!"

"ಎಲ್ಲೋ ಸುತ್ತೋಕೆ ಹೋಗಿರ್ತಾನೆ ಬಿಡು."

"ಮೂರು ದಿನ ಆಯ್ತು ಕಣೋ! ಹದಿನಾಲ್ಕು ಮನೇಲಿ ತಿಂತಿದ್ದ. ಇವರ ಮನೇಲಿದ್ದಾನೆ ಅಂತ ಅವರು, ಅವರ ಮನೇಲಿದ್ದಾನೆ ಅಂತ ಇವರು... ಇವತ್ತು ಎಲ್ಲರೂ ಸೇರಿದಾಗ ನೋಡಿದ್ರೆ ಯಾರ ಮನೇಲೂ ಇಲ್ಲ!"

ಅಂದು ಆಗಸ್ಟ್ ಹದಿನಾರು. ಸಂತ ರೋಕೆಯ ದಿನ!

ವರ್ಷಕ್ಕೊಂದೇ ಸಲ, ಸಂಜೆ ಐದಕ್ಕೆ, ಸಂತನ ಪಲ್ಲಕ್ಕಿ ಹೊರಡುತ್ತದೆ. ಮುಂದೆ ನಾಯಿ, ಹಿಂದೆ ಸಂತ. ನಾಯಿ ನಿಂತರೆ ಸಂತ ನಿಲ್ಲುತ್ತಾನೆ. ನಾಯಿ ಹೊರಡದಿದ್ದರೆ ಸಂತನೂ ಹೊರಡುವುದಿಲ್ಲ. ಯಾವುದೋ ಒಂದು ನಾಯಿ ಹಿಡಿದು ತಂದರೆ ನಡೆಯುವುದಿಲ್ಲ. ಹಳೆಯದು ಸತ್ತ ಮೇಲೆ ತಾನಾಗಿ ಬಂದು ಚರ್ಚಿನ ಮೆಟ್ಟಿಲ ಮೇಲೆ ಮಲಗಿದ ನಾಯಿಯೇ ಆಗಬೇಕು. ಕಪಿತಾನ್ ಬಂದು ಮಲಗಿ ಒಂಬತ್ತು ವರ್ಷವಾಗಿತ್ತು.

ಪ್ರತಿ ವರ್ಷ ಹಬ್ಬದ ಹೊಣೆ ಒಬ್ಬರದು. ಸಂತ ಹೊರಟು, ಊರು ಸುತ್ತಿ, ಒಳಗೆ ಬಂದರೆ ಅವರ ಹೆಸರನ್ನು ಚರ್ಚಿನ ಗೋಡೆಯ ಮೇಲೆ ಬರೆಯುತ್ತಾರೆ. ಮದ್ರಿನಾಳ ಗಂಡ ಉಬಾಲ್ದೊ ಹನ್ನೊಂದು ವರ್ಷದ ಹಿಂದೆ ಸರದಿಗೆ ಹೆಸರು ಕೊಟ್ಟಿದ್ದ. ಐದನೇ ವರ್ಷಕ್ಕೆ ಅವನು ತೀರಿಕೊಂಡ. ಸರದಿ ಬಂದದ್ದು ಈ ವರ್ಷ.

"ಸಂತ ಹೊರಡದಿದ್ರೆ ಗೋಡೆ ಮೇಲೆ ಖಾಲಿ ಬಿಡ್ತಾರೆ ಮಗಾ. ಆ ಖಾಲಿ ಜಾಗ ನೋಡಿ ಎಲ್ಲರೂ ಏನಂತಾರೆ? ಇದು ಉಬಾಲ್ದೊ ಮನೆಯವರ ವರ್ಷ ಅಂತಾರೆ. ಅವನ ಮುಖಕ್ಕೆ ನಾನು ಹೆಂಗೆ ಮುಖ ಕೊಡಲಿ?"

ಆಗ ಹಿಂದಿನಿಂದ ಒಂದು ಗುಡುಗು.

"ಅವರೇ! ಗುಡ್ಡದ ಗ್ರಿಂಗೊಗಳೇ! ಇನ್ಯಾರು?"

ಅದು ಚೋನ್. ರಾಕೆಟ್ ಪಟಾಕಿ ಮಾಡುವವನು. ಎಡಗೈಯಲ್ಲಿ ಮೂರೇ ಬೆರಳು, ಬಾಯಿ ಮಾತ್ರ ಪೂರ್ತಿ.

"ನೋಡು ಎವಾರಿಸ್ತೊ. ಹನ್ನೆರಡರವರೆಗೆ ಟೈಮು. ಆಮೇಲೆ ಹೆದ್ದಾರಿ ಬಂದ್! ಒಂದು ಹಾಲಿನ ಗಾಡಿಯೂ ಗುಡ್ಡ ಹತ್ತಲ್ಲ. ಮೂರರೊಳಗೆ ನಾಯಿ ಬರದಿದ್ರೆ ಮೂವತ್ತಾರು ರಾಕೆಟ್ ಇದಾವೆ. ಆಕಾಶಕ್ಕಲ್ಲ... ಅಡ್ಡಡ್ಡ!"

ನಾನು ವಿಚಾರಣೆಗೆ ಇಳಿದೆ. ಹದಿನಾಲ್ಕು ಮನೆ. ಹದಿನಾಲ್ಕು ಬಾಗಿಲು.

"ನಾಯಿನ ಯಾರು ಕರ್ಕೊಂಡ್ ಹೋದ್ರು?"

"ಕಾಫಿ ಕುಡೀತೀಯಾ?"

"ಕಾಫಿ ಆಮೇಲೆ. ಯಾರಾದ್ರೂ ಬಂದಿದ್ರಾ?"

"ಕೂತ್ಕೊ, ಬಿಸಿಲಲ್ಲಿ ಬಂದಿದ್ದೀಯಾ..."

ಎಲ್ಲ ಕಡೆ ಇದೇ ಕತೆ! ಯಾರೂ ನನ್ನ ಕಣ್ಣು ನೋಡುತ್ತಿಲ್ಲ. ಎಲ್ಲರೂ ನೆಲ ನೋಡುತ್ತಿದ್ದಾರೆ. ಇಡೀ ಕೇರಿ ಏನೋ ಮುಚ್ಚಿಡುತ್ತಿದೆ! ಒಂಬತ್ತನೇ ಕಾಫಿಯ ಹೊತ್ತಿಗೆ ರೊಟ್ಟಿ ಮಾರುವ ಹೆಂಗಸು ಒಬ್ಬಳು ಪಿಸುಗುಟ್ಟಿದಳು.

"ಬಿಳಿ ಟೋಪಿ ಮೇಡಂ. ಬಿಳಿ ವ್ಯಾನು. ನಾನು ಹೇಳಿದೆ ಅಂತ ಹೇಳ್ಬೇಡ."

ಹಾಗೆ ನಾನು ಗೋಡೆ ಹತ್ತಿದೆ.

"ಕಪಿತಾನ್ ಎಂಬ ನಾಯಿ ಇಲ್ಲಿಲ್ಲ" ಎಂದರು ಮೇಡಂ. "ಬಿಸ್ಕಿಟ್ ಎಂಬ ನಾಯಿ ಇತ್ತು. ಅದಕ್ಕೆ ಚುಚ್ಚುಮದ್ದು ಹಾಕಿಸಲಾಗಿದೆ. ಸ್ನಾನ ಮಾಡಿಸಲಾಗಿದೆ. ಅದು ಇಂದು ನಾಲ್ಕು ಗಂಟೆಯ ವಿಮಾನದಲ್ಲಿ ಕೆನಡಾಕ್ಕೆ ಹೋಗುತ್ತದೆ. ಅಲ್ಲಿ ಅದಕ್ಕಾಗಿ ಒಂದು ಸೋಫಾ ಕಾಯುತ್ತಿದೆ."

"ಅದು ನಮ್ಮೂರ ನಾಯಿ ಮೇಡಂ! ನೀವು ಕದ್ದಿದ್ದೀರಿ!"

ಆಗ ಮೇಡಂ ಮುಖ ಕೆಂಪಾಯಿತು. ಹೆದರಿಕೆಯಿಂದಲ್ಲ. ನಿಜವಾದ ಅವಮಾನದಿಂದ.

"ನಾನು ಮೂವತ್ತೊಂದು ವರ್ಷ ಶಾಲೆಗಳ ಇನ್ಸ್‌ಪೆಕ್ಟರ್ ಆಗಿದ್ದೆ. ನಾನು ಒಂದು ಪೆನ್ಸಿಲನ್ನೂ ಕದ್ದವಳಲ್ಲ."

ಸ್ಪ್ರೇ ಜೇಬಿಗೆ ಹೋಯಿತು. ಫೈಲು ಹೊರಗೆ ಬಂತು.

"ಓದಿ. ನಾನು ಹದಿನಾಲ್ಕು ಮನೆಗಳಿಗೆ ಹೋದೆ. 'ಈ ನಾಯಿ ನಿಮ್ಮದೇ?' ಎಂದು ಕೇಳಿದೆ. ಎಲ್ಲರೂ ಅಲ್ಲ ಎಂದರು. 'ನಾನು ತೆಗೆದುಕೊಂಡು ಹೋಗಬಹುದೇ?' ಎಂದು ಕೇಳಿದೆ. ಎಲ್ಲರೂ 'ಅಯ್ಯೋ, ಅದಕ್ಕೇನಂತೆ ಮೇಡಂ' ಎಂದರು. ಎಲ್ಲರೂ ಸಹಿ ಮಾಡಿದರು."

ಗೋಡೆಯ ಮೇಲೆ ಕೂತೇ ಓದಿದೆ.

ಹದಿನಾಲ್ಕು ಸಹಿ. ಐದನೆಯದು ಚೋನ್‌ನದು. ಮತ್ತೆ ಮೊಟ್ಟಮೊದಲನೆಯದು, ಕೆಳಗೆ ಪುಟ್ಟ ಶಿಲುಬೆ ಹಾಕಿದ್ದು, ನಾನು ಸ್ಕೂಲಿಗೆ ಹೋಗುವಾಗ ನನ್ನ ಮಾರ್ಕ್ಸ್ ಕಾರ್ಡಿನ ಮೇಲೆ ಬೀಳುತ್ತಿದ್ದ ಅದೇ ಸಹಿ...

ಕಸಿಲ್ದಾ ಒರ್ನೆಲಾಸ್.

ನನ್ನ ಮದ್ರಿನಾ!

ಈಗ ಅರ್ಥವಾಯಿತು. ನೀವು ನಮ್ಮೂರಿನವರಲ್ಲ, ಅದಕ್ಕೇ ಹೇಳುತ್ತೇನೆ. ನಮ್ಮಲ್ಲಿ ಎದುರಿಗೆ ನಿಂತವರಿಗೆ 'ಇಲ್ಲ' ಎನ್ನುವುದಿಲ್ಲ. ಬಾಗಿಲಿಗೆ ಬಂದವರಿಗಂತೂ ಸಾಧ್ಯವೇ ಇಲ್ಲ! 'ಹೌದು' ಎನ್ನುತ್ತೇವೆ, ಆಮೇಲೆ ಮಾಡದೆ ಸುಮ್ಮನಿರುತ್ತೇವೆ. ಎದುರಿನವನು ಮರ್ಯಾದಸ್ಥನಾದರೆ ಅರ್ಥ ಮಾಡಿಕೊಂಡು ಮನೆಗೆ ಹೋಗುತ್ತಾನೆ. ಹದಿನಾಲ್ಕು ಮನೆಯವರೂ ಮೇಡಂ ಅರ್ಥ ಮಾಡಿಕೊಂಡರು ಎಂದೇ ತಿಳಿದಿದ್ದರು.

ಮೇಡಂ ವ್ಯಾನ್ ತಂದಿದ್ದರು.

"ವ್ಯಾನ್ ಯಾವಾಗ ಹೊರಡ್ತು?"

"ಹನ್ನೆರಡೂ ಕಾಲಿಗೆ. ಲೋರ್ನ್ ಓಡಿಸುತ್ತಿದ್ದಾನೆ."

ಆಗ ಗಂಟೆ ಒಂದು. ಐದಕ್ಕೆ ಸಂತ ಹೊರಡಬೇಕು. ನಾನು ಹೊರಗಡೆಗೆ ಜಿಗಿದೆ. ಪ್ಯಾಂಟಿನ ಅರ್ಧ ಗೋಡೆಯ ಮೇಲೇ ಉಳಿಯಿತು!

"ನಿಲ್ಲಿ! ನೀವು ನನ್ನ ಫೈಲನ್ನು ತೆಗೆದುಕೊಂಡಿರಿ!"

ಹೌದು. ಗಡಿಬಿಡಿಯಲ್ಲಿ ಫೈಲು ನನ್ನ ಕಂಕುಳಲ್ಲೇ ಇತ್ತು...

ಕಾರು ಸ್ಟಾರ್ಟ್ ಮಾಡಿದೆ. ಕನ್ನಡಿಯಲ್ಲಿ ನೋಡಿದೆ. ಗೇಟು ತೆರೆಯಿತು. ಒಂದು ಗಾಲ್ಫ್ ಗಾಡಿ ಹೊರಬಂತು. ಎರಡು... ಐದು... ಒಂಬತ್ತು ಗಾಲ್ಫ್ ಗಾಡಿಗಳು! ಮೊದಲನೆಯದರಲ್ಲಿ ವಿನಿಫ್ರೆಡ್ ಮೇಡಂ. ಉಳಿದವುಗಳಲ್ಲಿ ಬಿಳಿ ತಲೆಗಳು, ಬಣ್ಣದ ಶರ್ಟುಗಳು.

ಚೇಸ್ ಶುರು!

ನಮ್ಮ ಬೀದಿಗಳೆಲ್ಲ ಗುಂಡುಕಲ್ಲು ಹಾಸಿದವು. ನನ್ನ ಕಾರು ಇಪ್ಪತ್ತರ ಮೇಲೆ ಹೋದರೆ ಸೈಲೆನ್ಸರ್ ಕಳಚುತ್ತದೆ. ಗಾಲ್ಫ್ ಗಾಡಿಯೂ ಇಪ್ಪತ್ತರ ಮೇಲೆ ಹೋಗುವುದಿಲ್ಲ. ನಾನು ಮುಂದೆ, ಅವರು ಹತ್ತಡಿ ಹಿಂದೆ. ಎರಡು ಕಿಲೋಮೀಟರು ಹೀಗೇ!

ಒಂದು ಗಾಡಿ ನನ್ನ ಪಕ್ಕಕ್ಕೆ ಬಂತು. ಹಲ್ಲಿನ ಡಾಕ್ಟರಾಗಿದ್ದ ಡಚ್ ಮುದುಕ. ಕಿಟಕಿ ಇಳಿಸುವಂತೆ ಕೈ ಮಾಡಿದ.

ಇಳಿಸಿದೆ.

"ನಿನ್ನ ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಇದೆ!"

"ಥ್ಯಾಂಕ್ಸ್!"

"ಜಾಗ್ರತೆ!"

ಹೇಳಿ ಮತ್ತೆ ಹಿಂದೆ ಹೋಗಿ ಅಟ್ಟಿಸಿಕೊಂಡು ಬಂದ.

ತಿರುವು ದಾಟಿದೆ. ಹೆದ್ದಾರಿ. ಬ್ರೇಕ್!

ಚೋನ್ ಮಾತಿಗೆ ತಪ್ಪಿರಲಿಲ್ಲ. ರಸ್ತೆಗೆ ಅಡ್ಡಲಾಗಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಅದರ ಹಿಂದೆ ಮರದ ಚೌಕಟ್ಟಿನಲ್ಲಿ ಮೂವತ್ತಾರು ರಾಕೆಟ್ಟುಗಳು, ಮೂತಿ ಗುಡ್ಡದ ಕಡೆಗೆ. ಮೆರವಣಿಗೆಯ ಬ್ಯಾಂಡಿನವರು ಪಕ್ಕದಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದರು. ತಡೆದು ನಿಲ್ಲಿಸಿದವರಿಗೆ ಹಸಿವಾಗಬಾರದೆಂದು ಹೆಂಗಸರು ಕಾರು ಕಾರಿಗೂ ತಟ್ಟೆ ಹಂಚುತ್ತಿದ್ದರು.

ಮೊದಲನೇ ಸಾಲಿನಲ್ಲೇ ಬಿಳಿ ವ್ಯಾನ್!

ಡ್ರೈವರ್ ಸೀಟಿನಲ್ಲಿ ಲೋರ್ನ್. ಆರೂವರೆ ಅಡಿಯ ಕೆನಡಾದ ಮುದುಕ. ತೊಡೆಯ ಮೇಲೆ ತಟ್ಟೆ, ಕೈಯಲ್ಲಿ ನಾಲ್ಕನೇ ತಮಾಲೆ ಕಡುಬು, ಹಣೆಯ ಮೇಲೆ ಬೆವರು.

"ಇವರು 'ಈಗಲೇ ಬಿಡ್ತೀವಿ' ಅಂತಿದ್ದಾರೆ" ಎಂದ. "ಐವತ್ತು ನಿಮಿಷದಿಂದ. 'ಈಗಲೇ' ಅಂದ್ರೆ ಎಷ್ಟು ಹೊತ್ತು?"

ಪಾಪ ಅನಿಸಿತು. ಚೋನ್ ಕಡೆ ತಿರುಗಿದೆ.

"ಚೋನ್! ವ್ಯಾನ್ ಒಳಗೆ ನೋಡಿದ್ರಾ?"

"ನೋಡದೆ ಬಿಡ್ತೀವಾ? ಒಂದು ಬಿಳಿ ನಾಯಿ ಇದೆ. ನಮ್ಮ ಕಪಿತಾನ್ ಕಂದು. ಊರಿಗೇ ಗೊತ್ತು."

ಹಿಂದಿನ ಬಾಗಿಲು ತೆಗೆದೆ. ಪಂಜರ. ಅದರೊಳಗೆ ಹಿಟ್ಟಿನಷ್ಟು ಬಿಳುಪಾದ ನಾಯಿ. ನೀಲಿ ಕರವಸ್ತ್ರ. ಮೈಯಿಂದ ಲ್ಯಾವೆಂಡರ್ ಘಮ.

ಎಡಗಿವಿ ಅರ್ಧ ಹರಿದಿತ್ತು.

"ಕಪಿತಾನ್?"

ಬಾಲ ಒಮ್ಮೆ ಅಲ್ಲಾಡಿತು.

"ಕಂದು ಬಣ್ಣ ಅಲ್ಲ ಕಣ್ರೋ ಅದು, ಕೊಳೆ! ಒಂಬತ್ತು ವರ್ಷದ ಕೊಳೆ! ತೊಳೆದಿದ್ದಾರೆ!"

ಯಾರೂ ನಂಬಲಿಲ್ಲ. ಚೋನ್ ಬಗ್ಗಿ ಹರಿದ ಕಿವಿ ಮುಟ್ಟಿ ನೋಡಿದ. ನಾಯಿ ಅವನ ಮೂರು ಬೆರಳನ್ನೂ ನೆಕ್ಕಿತು. ಅವನ ಕಣ್ಣಲ್ಲಿ ನೀರು ತುಂಬಿತು.

"ಹೆದರಿಸಿ ಬಿಳಿ ಮಾಡ್ಬಿಟ್ಟಿದ್ದಾರೆ ನನ್ನಪ್ಪನ್ನ! ಎಲ್ಲಿ ಬೆಂಕಿಪೊಟ್ಟಣ?"

ಅದೇ ಹೊತ್ತಿಗೆ ಒಂಬತ್ತು ಗಾಲ್ಫ್ ಗಾಡಿಗಳು ಬಂದು ನಿಂತವು. ಮೇಡಂ ಇಳಿದರು. ನೇರ ರಾಕೆಟ್ಟುಗಳ ಮುಂದೆ ಬಂದು ನಿಂತರು. ಧೈರ್ಯವೆಂದರೆ ಧೈರ್ಯ!

ಚೋನ್ ಕಡ್ಡಿ ಗೀರಿದ.

"ಪಕ್ಕಕ್ಕೆ ಹೋಗಿ ಮೇಡಂ! ನೀವು ಗ್ರಿಂಗೊಗಳು ನಮ್ಮ ನಾಯಿ ಕದ್ದಿದ್ದೀರಿ!"

"ಗ್ರಿಂಗೊ ಅಂದ್ರೆ ಅಮೆರಿಕದವರು, ನಾವು ಕೆನಡಾದವರು!" ಎಂದ ಲೋರ್ನ್, ತಮಾಲೆ ಬಾಯಲ್ಲಿಟ್ಟುಕೊಂಡೇ.

"ಅದನ್ನೇ ನಾನೂ ಅಂದಿದ್ದು!"

ಮೇಡಂ ನನ್ನ ಕಂಕುಳಿಂದ ಫೈಲು ಎಳೆದುಕೊಂಡರು. "ನಾನು ಹೆಸರುಗಳನ್ನು ಓದುತ್ತೇನೆ."

"ಮೇಡಂ, ಬೇಡ" ಎಂದೆ. ಏಕೆಂದರೆ ಗುಂಪಿನ ಹಿಂದೆ, ಕೈಯಲ್ಲಿ ಸೌಟು ಹಿಡಿದುಕೊಂಡೇ, ಮದ್ರಿನಾ ಬರುತ್ತಿದ್ದಳು.

"ಐದನೆಯ ಹೆಸರು. ಎನ್ಕಾರ್ನಸಿಯೋನ್ ರುವಲ್ಕಾಬಾ. ರಾಕೆಟ್ ತಯಾರಕರು."

ಕಡ್ಡಿ ಚೋನ್‌ನ ಬೆರಳಿನವರೆಗೆ ಉರಿಯಿತು. ಅವನಿಗೆ ಗೊತ್ತಾಗಲಿಲ್ಲ.

"ನನ್ನ ಸಹಿನಾ?"

"ನಿಮ್ಮದೇ. ನೀವು 'ಸಂತೋಷವಾಗಿ ಕರೆದುಕೊಂಡು ಹೋಗಿ ಮೇಡಂ' ಎಂದೂ ಹೇಳಿದಿರಿ. ನನಗೆ ಒಂದು ಗ್ಲಾಸ್ ಶರಬತ್ತನ್ನು ಕೊಟ್ಟಿರಿ."

"ಅದು... ಬಿಸಿಲಿತ್ತು" ಎಂದ ಚೋನ್.

ಬ್ಯಾಂಡ್ ನಿಂತಿತು. ಹೆದ್ದಾರಿಯ ಮೇಲೆ ಇನ್ನೂರು ಜನ ತಮ್ಮ ತಮ್ಮ ಬೂಟು ನೋಡುತ್ತಿದ್ದರು. ಮೇಡಂ ಒಂದೊಂದೇ ಹೆಸರು ಓದಿದರು. ಕೊನೆಗೆ ಮೇಲಕ್ಕೆ ಹೋದರು.

"ಮೊದಲನೆಯ ಹೆಸರು—"

"ನನ್ನದು" ಎಂದಳು ಮದ್ರಿನಾ.

ಎಲ್ಲರೂ ಅವಳ ಕಡೆ ತಿರುಗಿದರು. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು.

"ಯಾಕೆ ಮದ್ರಿನಾ? ಯಾಕೆ ಹಾಕಿದೆ?"

"ಅಷ್ಟು ದೂರದಿಂದ ಬಂದಿದ್ರು ಕಣೋ. ಮುಖ ಎಲ್ಲ ಕೆಂಪಾಗಿತ್ತು. ಕೈಯಲ್ಲಿ ಬಾಳೆಹಣ್ಣಿನ ಬ್ರೆಡ್ಡು ಹಿಡ್ಕೊಂಡಿದ್ರು. ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನೋಕಾಗುತ್ತಾ? ನಾನು ಹೌದು ಅಂದೆ. ಹೌದು ಅಂತ... ಹಂಗೆ ಅಂದೆ."

ಮೇಡಂ ಫೈಲು ಮುಚ್ಚಿದರು. ಮೊದಲ ಸಲ ಅವರ ವ್ಯಾಕರಣ ತೊದಲಿತು.

"ಹದಿನಾಲ್ಕೂ? ಹದಿನಾಲ್ಕೂ... ಹೌದು ಅಲ್ಲ?"

ಎಲ್ಲರೂ ಮತ್ತೆ ಬೂಟು ನೋಡಿಕೊಂಡರು. ಅದೇ ಉತ್ತರವಾಗಿತ್ತು.

"ನಾನು ಇಲ್ಲಿ ಹನ್ನೆರಡು ವರ್ಷಗಳಿಂದ ಇದ್ದೇನೆ" ಎಂದರು ಮೇಡಂ. "ಪ್ರತಿ ಕ್ರಿಸ್‌ಮಸ್ಸಿಗೆ ನಿಮ್ಮನ್ನೆಲ್ಲ ಕರೆಯುತ್ತೇನೆ. ಎಲ್ಲರೂ ಬರುತ್ತೇವೆ ಎನ್ನುತ್ತೀರಿ. ಯಾರೂ ಬರುವುದಿಲ್ಲ. ಮರೆತಿರಬೇಕು ಎಂದುಕೊಳ್ಳುತ್ತಿದ್ದೆ. ಹನ್ನೆರಡು ಸಲ ಮರೆತರು ಎಂದುಕೊಂಡೆ."

ಆ ಕ್ಷಣ ನನಗೆ ಅವರ ಬಗ್ಗೆ ನಿಜವಾಗಿ ನೋವಾಯಿತು. ಚೋನ್ ಮೂಗು ಒರೆಸಿಕೊಂಡ. ಡಚ್ ಡಾಕ್ಟರ್ ಟೋಪಿ ತೆಗೆದ.

ಆದರೆ ಗಂಟೆ ಎರಡಾಗಿತ್ತು! ನನಗೆ ನೋಯುತ್ತ ಕೂರಲು ಟೈಮಿಲ್ಲ. ಫೈಲಿನ ಕೊನೆಯ ಪುಟದಲ್ಲಿ ನಾನು ಒಂದು ಸಾಲು ಓದಿದ್ದೆ.

"ಮೇಡಂ! ನಿಮ್ಮ ನಿಯಮ ಒಂಬತ್ತು! ವಿಮಾನ ಹತ್ತೋದ್ರೊಳಗೆ ಊರಲ್ಲೇ ಯಾರಾದ್ರೂ ದತ್ತು ಕೇಳಿದ್ರೆ ಅವರಿಗೇ ಮೊದಲ ಅವಕಾಶ. ಬರೆದಿದ್ದು ನೀವೇ."

ಮೇಡಂ ಕಣ್ಣು ಒರೆಸಿಕೊಂಡರು. ಬೆನ್ನು ನೆಟ್ಟಗಾಯಿತು. ನಿಯಮ ಎಂದರೆ ಅವರಿಗೆ ಜೀವ ಬರುತ್ತದೆ.

"ಸರಿ. ಅರ್ಜಿದಾರರು ಯಾರು?"

"ರೋಕೆ."

"ಉದ್ಯೋಗ?"

"ಸಂತ."

ಮೇಡಂ ನನ್ನನ್ನು ನೋಡಿದರು. ವ್ಯಾನಿನ ಬಾನೆಟ್ಟಿನ ಮೇಲೆ ಫಾರಂ ಹರಡಿದರು. ಪೆನ್ನು ತೆಗೆದರು. ಇಂಥವರನ್ನು ಮೆಚ್ಚದೆ ಇರುವುದು ಹೇಗೆ ಹೇಳಿ!

"ಮನೆಗೆ ಕಾಂಪೌಂಡ್ ಇದೆಯೇ?"

"ಇದೆ. ಕಲ್ಲಿಂದು."

"ದಿನಕ್ಕೆ ಎಷ್ಟು ಗಂಟೆ ಮನೆಯಲ್ಲಿರುತ್ತಾರೆ?"

"ಇಪ್ಪತ್ನಾಲ್ಕು. ವರ್ಷಕ್ಕೊಂದು ದಿನ ಮಾತ್ರ ಹೊರಗೆ ಹೋಗ್ತಾರೆ. ಆಗಲೂ ನಾಯಿನ ಜೊತೆಗೇ ಕರ್ಕೊಂಡ್ ಹೋಗ್ತಾರೆ."

"ನಾಯಿ ಸಾಕಿದ ಅನುಭವ?"

"ಆರೇಳು ನೂರು ವರ್ಷ."

"ಧೂಮಪಾನ?"

"ಕ್ಯಾಂಡಲ್ ಹೊಗೆ ಮಾತ್ರ" ಎಂದ ಚೋನ್.

"ನಾಯಿ ಸೋಫಾವನ್ನು ಹಾಳು ಮಾಡಿದರೆ ಹೊಡೆಯುತ್ತಾರೆಯೇ?"

"ಮೇಡಂ, ಅವರು ಕೈ ಎತ್ತಿದ್ದನ್ನ ಈ ಊರಲ್ಲಿ ಯಾರೂ ನೋಡಿಲ್ಲ."

ಮೇಡಂ ಎಲ್ಲವನ್ನೂ ಬರೆದುಕೊಂಡರು. ಅಂಕ ಕೂಡಿಸಿದರು. ನೂರಕ್ಕೆ ತೊಂಬತ್ತೇಳು! ಸೋಫಾ ಇಲ್ಲವೆಂದು ಮೂರು ಕಳೆದಿದ್ದರು.

ಜನ ಕೂಗಿದರು. ಬ್ಯಾಂಡು ಶುರುವಾಗುವುದರಲ್ಲಿತ್ತು.

"ನಿಲ್ಲಿ" ಎಂದರು ಮೇಡಂ. "ಅರ್ಜಿದಾರರ ಪರವಾಗಿ ಒಬ್ಬ ವಯಸ್ಕರ ಸಹಿ ಬೇಕು."

ಇನ್ನೂರು ಕೈ ಮೇಲೆದ್ದವು.

"ಇಲ್ಲ. ಈ ಊರಿನ ಸಹಿಯನ್ನು ನಾನು ಇನ್ನು ನಂಬುವುದಿಲ್ಲ." ಅವರು ನೇರ ಮದ್ರಿನಾಳ ಎದುರು ಹೋಗಿ ನಿಂತರು. "ಇವರು ಬಾಯಲ್ಲಿ ಹೇಳಲಿ. ನಾನು ಮತ್ತೆ ಕೇಳುತ್ತೇನೆ. ಬೇಡವಾದರೆ 'ಇಲ್ಲ' ಎನ್ನಲಿ. ನನ್ನ ಮುಖ ನೋಡಿಕೊಂಡು. ಇಲ್ಲವಾದರೆ ಹಳೆಯ ಕಾಗದವೇ ಕಾನೂನು. ನಾಯಿ ಹೋಗುತ್ತದೆ."

ಇನ್ನೂರು ಕೈ ಕೆಳಗಿಳಿದವು.

ಮದ್ರಿನಾಗೆ ಎಪ್ಪತ್ತೊಂದು ವರ್ಷ. ಯಾರ ಮುಖಕ್ಕೂ ಅವಳು ಆ ಪದ ಹೇಳಿದ್ದನ್ನು ನಾನು ಕೇಳಿದ್ದೇ ಇಲ್ಲ. ಉಬಾಲ್ದೊ ಮದುವೆಯಾಗುತ್ತೀಯಾ ಎಂದು ಕೇಳಿದಾಗಲೂ ಅವಳಿಗೆ ಯೋಚಿಸಲು ಟೈಮು ಬೇಕಿತ್ತಂತೆ. ಅದನ್ನೂ ಹೇಳಲಾರದೆ ಮದುವೆಯಾದಳಂತೆ! ಆಮೇಲೆ ಚೆನ್ನಾಗೇ ಬಾಳಿದರು, ಅದು ಬೇರೆ ಮಾತು.

"ಈ ನಾಯಿಯನ್ನು ನಾನು ತೆಗೆದುಕೊಂಡು ಹೋಗಬಹುದೇ?"

"ನೋಡಿ ಮೇಡಂ... ನೀವು ಇಷ್ಟು ದೂರ ಬಂದಿದ್ದೀರಿ..."

"ಅದು 'ಇಲ್ಲ'ವೇ?"

"ಹತ್ತಿರ ಹತ್ತಿರ ಅದೇ..."

"ಎರಡನೆಯ ಸಲ. ತೆಗೆದುಕೊಂಡು ಹೋಗಬಹುದೇ?"

"ಮೊದಲು ಒಂದು ತುತ್ತು ಊಟ ಮಾಡಿ. ಆಮೇಲೆ ನಿಧಾನಕ್ಕೆ..."

"ಹೇಳು ಮದ್ರಿನಾ!" ಎಂದು ಕಿರುಚಿದೆ. "ಒಂದೇ ಪದ!"

ಅವಳ ತುಟಿ ಅಲುಗಿತು. ಸದ್ದು ಬರಲಿಲ್ಲ. ಮೇಡಂ ಅರ್ಧ ನಿಮಿಷ ಕಾದರು. ಆಮೇಲೆ ತಲೆಯಾಡಿಸಿದರು.

"ಲೋರ್ನ್. ನಾಯಿಯನ್ನು ಹತ್ತಿಸು."

ಲೋರ್ನ್ ತಟ್ಟೆ ಕೆಳಗಿಟ್ಟು ಇಳಿದು ಬಂದ. ಹಗ್ಗ ಹಿಡಿದ. ಕಪಿತಾನ್ ಎದ್ದ. ಯಾರು ಕರೆದರೂ ಹೋಗುವ ಬುದ್ಧಿ ಅವನದು, ಅವನೂ ನಮ್ಮೂರಿನವನೇ ತಾನೆ! ಮುಂದಿನ ಎರಡು ಕಾಲು ವ್ಯಾನಿನೊಳಗೆ ಇಟ್ಟ. ತಿರುಗಿ ಮದ್ರಿನಾಳನ್ನು ನೋಡಿದ.

"ಇಲ್ಲ!"

ಹೆದ್ದಾರಿಯ ಆಚೆ ತುದಿಯವರೆಗೆ ಕೇಳಿಸಿತು. ಬ್ಯಾಂಡಿನವನ ಕೈಯಿಂದ ಜಾಗಟೆಯಂಥದ್ದೇನೋ ಜಾರಿ ಬಿತ್ತು.

"ಇಲ್ಲ! ಕೊಡಲ್ಲ! ಇವನು ನಮ್ಮ ಉಬಾಲ್ದೊ ಹಾಕಿದ ಎಲುಬು ತಿಂದವನು! ನಿಮ್ಮ ಬ್ರೆಡ್ಡು ಕಲ್ಲಿನ ಥರ ಇರುತ್ತೆ, ನಿಮ್ಮ ಕ್ರಿಸ್‌ಮಸ್ಸಿನ ಹಾಡು ನಮಗೆ ಅರ್ಥ ಆಗಲ್ಲ, ಈ ನಾಯಿನ ನಾನು ಕೊಡಲ್ಲ! ಇಲ್ಲ ಅಂದ್ರೆ ಇಲ್ಲ!"

ಅಷ್ಟು ಹೇಳಿ ತಾನೇ ಬೆಚ್ಚಿಬಿದ್ದು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಸೌಟು ರಸ್ತೆಗೆ ಬಿತ್ತು. ಆಮೇಲೆ ಅಳು...

"ಅಯ್ಯೋ ದೇವರೇ, ಬಂದವರಿಗೆ ಇಲ್ಲ ಅಂದ್ಬಿಟ್ಟೆ..."

ವಿನಿಫ್ರೆಡ್ ಮೇಡಂ ಹಳೆಯ ಕಾಗದ ತೆಗೆದರು. ಎರಡಾಗಿ ಹರಿದರು. ನಾಲ್ಕಾಗಿ ಹರಿದರು. ಅವರ ಕಣ್ಣಲ್ಲೂ ನೀರು, ಮುಖದಲ್ಲಿ ಮಾತ್ರ ನಾನು ಹಿಂದೆಂದೂ ನೋಡಿರದ ಸಂತೋಷ.

"ಧನ್ಯವಾದಗಳು. ಹನ್ನೆರಡು ವರ್ಷಗಳಲ್ಲಿ ನನ್ನೊಂದಿಗೆ ನಿಜವಾಗಿ ಮಾತನಾಡಿದವರು ನೀವೊಬ್ಬರೇ. ಬ್ರೆಡ್ಡು ಅಷ್ಟು ಗಟ್ಟಿಯೇ?"

"ತುಂಬಾ" ಎಂದಳು ಮದ್ರಿನಾ, ಬಿಕ್ಕುತ್ತ. ಒಮ್ಮೆ ಶುರುವಾದ ಮೇಲೆ ಅವಳಿಗೆ ನಿಲ್ಲಿಸಲಾಗುತ್ತಿರಲಿಲ್ಲ.

ಕೆನಡಾದ ಸೋಫಾಕ್ಕೆ ಬೇರೆ ನಾಯಿ ಕಳಿಸಿದರು. ಕರವಸ್ತ್ರದ ಹನ್ನೊಂದರಲ್ಲಿ ಒಂದು. ಕಾರಿನಲ್ಲಿ ಹೋಗಿ ಅದನ್ನು ತಂದು ವ್ಯಾನಿಗೆ ಹತ್ತಿಸಿ, ರಸ್ತೆ ಬಿಡಿಸಿ, ಲೋರ್ನ್‌ನನ್ನು ಓಡಿಸಿದ್ದು ನಾನೇ.

ಇನ್ನೊಂದು ತೊಂದರೆ ಉಳಿದಿತ್ತು. ಪಲ್ಲಕ್ಕಿ ಹೊರುವವರು ಬಿಳಿ ನಾಯಿಯ ಹಿಂದೆ ನಡೆಯಲು ಒಪ್ಪಲಿಲ್ಲ. "ಅವನೇ ಇರಬಹುದು, ಆದ್ರೆ ಸಂತನಿಗೆ ಗುರುತು ಸಿಗಬೇಕಲ್ಲ" ಎಂದರು. ನಾಲ್ಕೂ ಮುಕ್ಕಾಲಿಗೆ ಚರ್ಚಿನ ಹಿಂದೆ ಚೋನ್ ಒಂದು ಬುಟ್ಟಿ ಕೆಮ್ಮಣ್ಣು ತಂದ. ಮೂರು ಸಲ ಶಾಂಪೂ ಹಾಕಿ ತೊಳೆದ ನಾಯಿಯ ಮೈಗೆ ವಿನಿಫ್ರೆಡ್ ಮೇಡಂ ತಮ್ಮ ಕೈಯಾರೆ ಮಣ್ಣು ಬಳಿದರು. ಬಾಲದವರೆಗೂ ಬಳಿದರು. ಅರೆಬರೆ ಕೆಲಸ ಅವರಿಗಾಗದು.

ಐದಕ್ಕೆ ಸರಿಯಾಗಿ ಸಂತ ರೋಕೆ ಹೊರಟ. ಮುಂದೆ ಕಪಿತಾನ್. ಅವನ ಹಿಂದೆ ಮದ್ರಿನಾ, ತಲೆಯೆತ್ತಿಕೊಂಡು. ಕಪಿತಾನ್ ಹದಿನಾಲ್ಕು ಬಾಗಿಲಲ್ಲಿ ನಿಂತ. ಸಂತನೂ ಹದಿನಾಲ್ಕು ಬಾಗಿಲಲ್ಲಿ ನಿಂತ. ಬೆಳಕಿರುವಾಗಲೇ ಒಳಗೆ ಬಂದರು. ಏಣಿ ಹಾಕಿ ಗೋಡೆಯ ಮೇಲೆ ಬರೆದರು: ಉಬಾಲ್ದೊ ಮತ್ತು ಕಸಿಲ್ದಾ ಒರ್ನೆಲಾಸ್. ಗಂಡನ ಹೆಸರನ್ನು ಮೊದಲು ಬರೆಸಿದ್ದು ಅವಳೇ. ಬಣ್ಣ ಒಣಗುವವರೆಗೆ ಅಲ್ಲೇ ನಿಂತಿದ್ದಳು.

ನಾನು ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದ್ದೆ. ಮೇಡಂ ಬಂದು ಪಕ್ಕದಲ್ಲಿ ಕೂತರು. ಮೊಣಕೈವರೆಗೆ ಕೆಂಪು ಮಣ್ಣು.

"ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಕಾಲನಿಯಲ್ಲಿ ಸಭೆ ಕರೆದಿದ್ದೇನೆ. ನೂರ ನಲವತ್ತು ಮನೆಯವರೂ ಬರುತ್ತಾರೆ. ಇಲ್ಲಿ ಯಾವ 'ಹೌದು' ಹೌದು, ಯಾವ 'ಹೌದು' ಅಲ್ಲ ಎಂಬುದನ್ನು ನೀವು ವಿವರಿಸಬೇಕು. ಬರುವಿರಾ?"

ನಾನು ಯೋಚಿಸಿದೆ. ನೂರ ನಲವತ್ತು ಮನೆಯವರಿಗೂ ಅದು ಗೊತ್ತಾದರೆ... ಕೊಳಾಯಿಯವನ 'ನಾಳೆ' ಅರ್ಥವಾದರೆ... ಆಮೇಲೆ ನನಗೆ ಫೋನ್ ಮಾಡುವವರು ಯಾರು?

ದೊಡ್ಡದಾಗಿ ನಕ್ಕೆ.

"ಖಂಡಿತ ಮೇಡಂ! ಹತ್ತಕ್ಕೇ ಯಾಕೆ, ಒಂಬತ್ತೂವರೆಗೇ ಬಂದ್ಬಿಡ್ತೀನಿ!"

ಮೇಡಂ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಪೆನ್ನು ತೆಗೆದು ಫೈಲಿನಲ್ಲಿ ಏನೋ ಬರೆದರು.

"ಏನ್ ಬರ್ಕೊಂಡ್ರಿ ಮೇಡಂ?"

"'ಎವಾರಿಸ್ತೊ ಬರುವುದಿಲ್ಲ.'"

ಎರಡೇ ಎರಡು ಪದ... ನನ್ನ ಹೊಟ್ಟೆಯ ಮೇಲೆ ಹೊಡೆಯಲು ಮುದುಕಿಗೆ ಅಷ್ಟೇ ಸಾಕಾಯಿತು!